ರಕ್ತ ತಾಗದ ಸೈಕಲ್

ಬೀಗದ ಕೈ ಕಪೇಸನ ಕೊರಳಲ್ಲಿತ್ತು. ಕಪ್ಪು ದಾರಕ್ಕೆ ಪೋಣಿಸಿ ಅಂಗಿಯ ಒಳಗೆ ಇಳಿಬಿಟ್ಟುಕೊಂಡಿದ್ದ. ಅವನ ಮುಂದೆ ಫಲೇಸಿ ಮಂಡಿಯೂರಿ ಕೂತಿದ್ದಳು. ಗಂಡಸಿನ ಹತ್ತಿರ ಏನಾದರೂ ಕೇಳಬೇಕಾದರೆ ಹೆಂಗಸು ಮಂಡಿಯೂರಬೇಕು. ಚಿತೊಂಡೊ ಊರಿನಲ್ಲಿ ಹುಟ್ಟಿದ ಹೆಣ್ಣಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಂಡಿಯ ಕೆಳಗೆ ಹೊಸ ಜಲ್ಲಿ ಚುಚ್ಚುತ್ತಿತ್ತು. ನಾಳೆ ರಾಜಧಾನಿ ಲಿಲೊಂಗ್ವೆಯಿಂದ ಪರಿಶೀಲನೆಗೆ ಬರುವವರ ಬೂಟಿಗೆ ಕೆಸರಾಗದಿರಲಿ ಎಂದು ಊರ ಗಂಡಸರು ಬೆಳಿಗ್ಗೆಯಷ್ಟೇ ಹರಡಿದ್ದ ಜಲ್ಲಿ ಅದು.

"ಬೀಗದ ಕೈ ಕೊಡಪ್ಪ. ಮಗಳು ಲಿನೆಸಿಗೆ ನೋವು ಸುರುವಾಗೈತೆ. ನೀರೊಡೀತು."

"ಮೊದಲ್ನೇ ಹೆರಿಗೆ ಕಣವ್ವ. ಅಷ್ಟು ಬಿರ್ನೆ ಆಯ್ತದಾ? ನಾಳೆ ಸಂದೆಗಂಟ ಎಳೀತದೆ."

"ಕೂಸು ತಿರುಗಿಲ್ಲ, ಕಾಲು ಕೆಳಗೈತೆ ಅಂತಾಳೆ ಎತಿನಾಜ್ಜಿ. ಆಸ್ಪತ್ರೆ ಹದಿನಾಕು ಕಿಲೋಮೀಟ್ರು. ನಡಸ್ಕೊಂಡು ಹೋಗ್ಲಾ?"

"ಹೊಳೆ ದಾಟ್ಬೇಕು. ಚಕ್ರಕ್ಕೆ ಕೆಸರು ಮೆತ್ಕತದೆ. ಹಾಸಿಗೆ ಮ್ಯಾಲೆ ಏನೇನೋ ಆಯ್ತದೆ. ನಾಳೆ ಹತ್ತು ಗಂಟೆಗೆ ಬತ್ತಾರೆ, ಒಗೆದ್ರೆ ಅಷ್ಟೊತ್ಗೆ ಒಣಗ್ತದಾ? ಮೊದಲ್ನೇ ಸಲ ಏನಾಯ್ತು ಅಂತ ಮರ್ತ್ಬುಟ್ಯಾ ಲಿನೆಸಿಯವ್ವ?"

ಮರೆತಿರಲಿಲ್ಲ. ಎರಡು ವರ್ಷದ ಹಿಂದೆ ತಾಯಿ-ಮಕ್ಕಳ ಆರೋಗ್ಯ ಯೋಜನೆಯವರು ಊರಿಗೆ ಕೊಟ್ಟ ಸೈಕಲ್ ಆಂಬ್ಯುಲೆನ್ಸ್ ಅದು. ಸೈಕಲ್ಲಿನ ಹಿಂದೆ ಎರಡು ಚಕ್ರದ ಗಾಡಿ, ಗಾಡಿಯಲ್ಲಿ ನೀಲಿ ಹಾಸಿಗೆ, ಮೇಲೆ ಬಿಳಿ ಮುಸುಕು. ಮೊದಲ ಮೂರು ತಿಂಗಳು ಬಸುರಿಯರನ್ನು ಹೊತ್ತುಕೊಂಡು ಓಡಾಡಿತು. ಐದು ಹೆರಿಗೆ ಆಸ್ಪತ್ರೆಯಲ್ಲಾಯಿತು, ಐದು ಕೂಸೂ ಬದುಕಿದವು. ಆಮೇಲೆ ಪರಿಶೀಲನೆಯವರು ಬಂದರು. ಮುಸುಕು ಮುಳ್ಳಿಗೆ ಸಿಕ್ಕಿ ಹರಿದಿತ್ತು, ಹಾಸಿಗೆಯ ಮೇಲೆ ಕಲೆಯಿತ್ತು, ಒಂದು ಚಕ್ರ ಪಂಕ್ಚರ್. 'ಸ್ವತ್ತಿನ ಸ್ಥಿತಿ ಕಳಪೆ' ಎಂದು ಬರೆದುಕೊಂಡು ಊರ ಯಜಮಾನನ ಮನೆಯ ಗೋಡೆಯ ಹಲಗೆಗೆ ಕೆಂಪು ಚುಕ್ಕೆ ಅಂಟಿಸಿ ಹೋದರು. ಪಕ್ಕದೂರಿನವರು ತಮ್ಮ ಗಾಡಿಯನ್ನು ಒಂದು ದಿನವೂ ಹೊರಗೆ ತೆಗೆದಿರಲಿಲ್ಲ. ಅವರಿಗೆ ಹಸಿರು ಚುಕ್ಕೆ ಬಂತು, ಜೋಳ ಬೀಸುವ ಗಿರಣಿಯೂ ಬಂತು.

ಅಂದಿನಿಂದ ಕಪೇಸ ಬುದ್ಧಿವಂತನಾದ. ಅವನು ಆಂಬ್ಯುಲೆನ್ಸ್ ಕಮಿಟಿಯ ಅಧ್ಯಕ್ಷ, ಯಜಮಾನನ ಅಕ್ಕನ ಮಗ, ಮುಂದೆ ಯಜಮಾನಿಕೆಗೆ ಕೂರುವವನು. ಗಾಡಿಯನ್ನು ತೊಳೆದ, ಎಣ್ಣೆ ಹಾಕಿದ, ಪ್ಲಾಸ್ಟಿಕ್ ಹೊದಿಸಿದ, ಇಟ್ಟಿಗೆಯ ಕೋಣೆ ಕಟ್ಟಿಸಿ ಬೀಗ ಜಡಿದ. ಪರಿಶೀಲನೆಯ ತಿಂಗಳು ಹತ್ತಿರ ಬಂದರೆ ಸಾಕು, ಗಾಡಿ ಹೊರಗೆ ಬರುತ್ತಿರಲಿಲ್ಲ. ಪರಿಶೀಲನೆ ಮೂರು ತಿಂಗಳಿಗೊಮ್ಮೆ ಇದ್ದುದರಿಂದ ಯಾವ ತಿಂಗಳಾದರೂ ಹತ್ತಿರವೇ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

"ಕಾಲಿಗೆ ಬೀಳ್ತೀನಪ್ಪ," ಎಂದಳು ಫಲೇಸಿ. ಮಂಡಿಯಲ್ಲೇ ಎರಡು ಹೆಜ್ಜೆ ಮುಂದೆ ಸರಿದಳು.

"ನಾನೇನು ಕಲ್ಲಾ? ಈ ಸಲ ಹಸ್ರು ಬಂದ್ರೆ ಯೋಜ್ನೆಯ ಎರಡ್ನೇ ಹಂತ ನಮ್ಮೂರಿಗೇ. ಹೆರಿಗೆ ಕೋಣೆ ಕಟ್ಟಿಸ್ತಾರೆ, ನರ್ಸಮ್ಮ ಇಲ್ಲೇ ಇರ್ತಾಳೆ. ನಿನ್ನೊಬ್ಳ ಮಗಳಿಗೋಸ್ಕರ ಊರ ಹೆಣ್ಮಕ್ಕಳೆಲ್ಲರ ಬಾಯ್ಗೆ ಮಣ್ಣು ಹಾಕ್ಲಾ? ನೀನೇ ಹೇಳು."

ಅವನು ಅದನ್ನು ಮನಸ್ಸಿನಿಂದಲೇ ಹೇಳಿದ. ಕಣ್ಣಲ್ಲಿ ನೀರೂ ಇತ್ತು. ಕೀಲಿಕೈ ಮಾತ್ರ ಅಂಗಿಯ ಒಳಗೇ ಉಳಿಯಿತು.

ಊರಿನ ಗಂಡಸರೆಲ್ಲ ಬಯಲಿನಲ್ಲಿ ಹುಲ್ಲು ಸವರುತ್ತಿದ್ದರು, ದಾರಿಯ ಕಲ್ಲುಗಳಿಗೆ ಸುಣ್ಣ ಬಳಿಯುತ್ತಿದ್ದರು. ಲಿನೆಸಿಯ ಗಂಡ ತಂಬಾಕು ತೋಟದ ಕೂಲಿಗೆ ದೂರ ಹೋಗಿದ್ದ. ಹೆಂಗಸರು ಇಟ್ಟಿಗೆ ಸುಡುವವನ ಒಂಟಿ ಚಕ್ರದ ತಳ್ಳುಗಾಡಿ ಕೇಳಿ ತಂದರು. ಅದರಲ್ಲಿ ಒಣ ಹುಲ್ಲು ಹಾಸಿ, ಮೇಲೆ ಸೊಂಟಕ್ಕೆ ಸುತ್ತುವ ಎರಡು ಚಿತೆಂಜೆ ಬಟ್ಟೆ ಹಾಸಿ ಲಿನೆಸಿಯನ್ನು ಕೂರಿಸಿದರು. ಕಾಲು ಮಡಚಲಾಗುತ್ತಿರಲಿಲ್ಲ, ಚಾಚಲೂ ಆಗುತ್ತಿರಲಿಲ್ಲ. ಫಲೇಸಿ ಹಿಡಿ ಹಿಡಿದು ತಳ್ಳಿದಳು. ಪಕ್ಕದ ಮನೆಯ ಡೊರಿಕಾ ಮುಂದಿನಿಂದ ಹಗ್ಗ ಕಟ್ಟಿ ಎಳೆದಳು. ಎಪ್ಪತ್ತು ದಾಟಿದ ಎತಿನಾಜ್ಜಿ ಕೋಲೂರಿಕೊಂಡು ಹಿಂದೆ ಬಂದಳು. ಆ ಊರಿನ ಅರ್ಧ ಜನ ಭೂಮಿಗೆ ಬಿದ್ದದ್ದು ಅವಳ ಕೈಯಲ್ಲೇ.

ಐವತ್ತನಾಲ್ಕು ವರ್ಷದ ಹೆಂಗಸು ಫಲೇಸಿ. ಜೋಳದ ಮೂಟೆ ಹೊತ್ತ ಬೆನ್ನು. ಮೊದಲ ಮೂರು ಕಿಲೋಮೀಟರ್ ಉಸಿರು ಕಟ್ಟಿ ತಳ್ಳಿದಳು. ಅಂಗೈ ಗುಳ್ಳೆ ಒಡೆದು ಹಿಡಿ ಜಾರತೊಡಗಿತು. ಚಿತೆಂಜೆಯ ತುದಿ ಹರಿದು ಸುತ್ತಿಕೊಂಡಳು. ಪ್ರತಿ ಕಲ್ಲಿಗೂ ಲಿನೆಸಿ ಕೂಗುತ್ತಿದ್ದಳು. ಪ್ರತಿ ಕೂಗಿಗೂ ಫಲೇಸಿ "ಬಂತು ಕಂದ, ಬಂದ್ಬುಡ್ತು" ಅನ್ನುತ್ತಿದ್ದಳು. ಏನೂ ಬಂದಿರಲಿಲ್ಲ. ಹೊಳೆಯ ಮರಳಿನಲ್ಲಿ ಚಕ್ರ ಹೂತುಹೋಯಿತು. ಮೂವರೂ ಸೇರಿ ಎತ್ತಿದರೂ ಅಲುಗಲಿಲ್ಲ.

ಅಲ್ಲೇ ಆಯಿತು. ಹೊತ್ತು ಇನ್ನೂ ಇಳಿದಿರಲಿಲ್ಲ. ಕಾಲು ಬಂತು, ಸೊಂಟ ಬಂತು, ತಲೆ ಬರಲಿಲ್ಲ. ಎತಿನಾಜ್ಜಿ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಮಾಡಿದಳು. ತಲೆ ಬರುವ ಹೊತ್ತಿಗೆ ಕೂಸು ನೇರಳೆ ಬಣ್ಣಕ್ಕೆ ತಿರುಗಿತ್ತು. ಫಲೇಸಿ ಅದರ ಬಾಯಿಗೆ ಬಾಯಿಟ್ಟು ಊದಿದಳು. ಅದು ಅತ್ತಿತು. ಸಣ್ಣದಾಗಿ, ಎರಡು ಸಲ. ಆಮೇಲೆ ಅಳಲಿಲ್ಲ. ಫಲೇಸಿ ಊದುತ್ತಲೇ ಇದ್ದಳು, ಡೊರಿಕಾ ಬಂದು ಭುಜ ಹಿಡಿದು ಎಳೆಯುವ ತನಕ.

ಗಂಡು ಕೂಸು. ಸೈಕಲ್ಲು ಸಿಕ್ಕಿದ್ದರೆ ಬದುಕುತ್ತಿತ್ತೋ ಇಲ್ಲವೋ ಯಾರಿಗೂ ತಿಳಿಯದು. ತಿಳಿಯದು ಅನ್ನುವುದೇ ಫಲೇಸಿಯ ಎದೆಯಲ್ಲಿ ಮುಳ್ಳಾಗಿ ಕೂತಿತು.

ಕತ್ತಲಾಗುವ ಮುಂಚೆ ಲಿನೆಸಿಯನ್ನೂ ಕೂಸನ್ನೂ ಊರಿಗೆ ವಾಪಸು ತಂದಿದ್ದರು. ಬೆಳಗಾಗುತ್ತಲೇ ಹೆಂಗಸರು ಕೂಸನ್ನು ಚಿತೆಂಜೆಯಲ್ಲಿ ಸುತ್ತಿ ಹೊಳೆಯ ದಂಡೆಗೆ ಹೊತ್ತರು. ಬಾಣಂತಿಯ ಗುಡಿಸಲಿನಿಂದ ಹೊರಗೆ ತಂದು ಊರಿಗೆ ತೋರಿಸುವ ಮುಂಚೆ ಸತ್ತ ಕೂಸು ಊರಿನದಲ್ಲ. ಅದಕ್ಕೆ ಡೋಲಿಲ್ಲ. ಗಂಡಸರು ಗುಂಡಿ ತೋಡುವುದಿಲ್ಲ. ಯಾರೂ ಗಟ್ಟಿಯಾಗಿ ಅಳಬಾರದು. ಹೆಂಗಸರೇ ಮುಚ್ಚಿ ಬರಬೇಕು, ಬಂದ ಮೇಲೆ ಆ ಮಾತು ಎತ್ತಬಾರದು. ಗುಡಿಸಲಿನಲ್ಲಿ ಲಿನೆಸಿ ಒಮ್ಮೆ ಬಾಯಿಬಿಟ್ಟಾಗ ಎತಿನಾಜ್ಜಿಯೇ ಅಂಗೈಯಿಂದ ಬಾಯಿ ಮುಚ್ಚಿದಳು. "ಅಳ್ಬ್ಯಾಡ. ಅತ್ರೆ ಹೋದ ಕೂಸು ಮುಂದಿನ ಕೂಸಿನ ದಾರಿ ಕಟ್ತದೆ," ಅಂದಳು.

ಗುಂಡಿ ತೋಡುವಾಗ ಫಲೇಸಿ ಡೊರಿಕಾಳ ಮುಖ ನೋಡಲಿಲ್ಲ. ಹೋದ ವರ್ಷ ಇದೇ ದಂಡೆಯಲ್ಲಿ ಡೊರಿಕಾಳ ಹೆಣ್ಣು ಕೂಸನ್ನು ಮುಚ್ಚಿದ್ದರು. ನಾಲ್ಕು ದಿನ ಬದುಕಿದ ಕೂಸು. ಆಗಲೂ ಕೀಲಿಕೈ ಸಿಕ್ಕಿರಲಿಲ್ಲ. ಆಗ ಆ ಸಾವನ್ನು ಪುಸ್ತಕದಲ್ಲಿ ಬರೆಯದೆ ಬಿಟ್ಟವಳು ಫಲೇಸಿಯೇ.

ಫಲೇಸಿ ಊರಿನ ಮಾದರಿ ತಾಯಿ. ಯೋಜನೆಯವರು ಇಟ್ಟ ಹೆಸರು. ಒಂದು ಟೀ ಶರ್ಟು, ಒಂದು ಚೀಲ, ಒಂದು ಪುಸ್ತಕ ಕೊಟ್ಟಿದ್ದರು. ಸಂಬಳವಿಲ್ಲ. ವಾರಕ್ಕೊಮ್ಮೆ ಹನ್ನೊಂದು ಮನೆ ತಿರುಗಬೇಕು. ಓದು ಬಾರದವರಿಗೆಂದು ಪುಸ್ತಕದಲ್ಲಿ ಚಿತ್ರ ಬರೆದಿದ್ದರು: ಹೊಟ್ಟೆ ಬಂದ ಹೆಂಗಸು, ಕೈಯಲ್ಲಿ ಕೂಸು, ಕೊನೆಗೊಂದು ಶಿಲುಬೆ. ಆದದ್ದರ ಮುಂದೆ ಗೀಟು ಎಳೆಯಬೇಕು. ಶಿಲುಬೆಯ ಸಾಲು ಎರಡು ವರ್ಷದಿಂದ ಖಾಲಿ. ಊರಿನದಲ್ಲದ ಕೂಸಿಗೆ ಗೀಟು ಎಳೆಯುವುದು ಹೇಗೆ? ಹಾಗೆಂದೇ ಅವಳು ನಂಬಿದ್ದಳು. ಬಂದವರ ಮುಂದೆ ಕೆಟ್ಟದ್ದು ಆಡಬಾರದು, ಊಟ ಮಾಡಿಸಿ ಕಳಿಸಬೇಕು ಎಂದೂ ನಂಬಿದ್ದಳು. ಡೊರಿಕಾ ಆಗ ಏನೂ ಕೇಳಿರಲಿಲ್ಲ. ಪುಸ್ತಕದ ಕಡೆ ಒಮ್ಮೆ ನೋಡಿದ್ದಳು, ಅಷ್ಟೆ.

ಮಣ್ಣು ತೊಳೆದುಕೊಂಡು ಗುಡಿಸಲಿಗೆ ಬಂದಾಗ ಲಿನೆಸಿ ಗೋಡೆಗೊರಗಿ ಕೂತಿದ್ದಳು. ಹತ್ತೊಂಬತ್ತು ವರ್ಷ. ಎದೆಯ ಬಟ್ಟೆ ಒದ್ದೆಯಾಗಿತ್ತು. ಕುಡಿಯುವವರಿಲ್ಲ ಅನ್ನುವುದು ಹಾಲಿಗೆ ಹೇಗೆ ಗೊತ್ತಾಗಬೇಕು?

"ಅವ್ವಾ, ಇವತ್ತು ಬರ್ಕೊಳ್ಳೋರು ಬತ್ತಾರಲ್ಲ. ಬರೀರಿ ಅಂತ ಹೇಳವ್ವ."

"ಸುಮ್ಕಿರು ಮಗ. ಮಲಗು."

"ಎರಡು ಸಲ ಅತ್ತಿತು ಅಂತ ಹೇಳು. ಸತ್ತು ಹುಟ್ಟಲಿಲ್ಲ ಅಂತ ಹೇಳು. ಹುಟ್ಟಿ ಸತ್ತಿದ್ದು. ನೀನೂ ಕೇಳಿಸ್ಕೊಂಡ್ಯಲ್ಲ?"

"ಕೇಳಿಸ್ಕೊಂಡೆ."

"ಮತ್ತೆ ಬರಸು. ಎಲ್ಲಾದ್ರೂ ಒಂದು ಕಡೆ ಇರ್ಲಿ."

ಹತ್ತು ಗಂಟೆ ಅಂದವರು ಹನ್ನೊಂದೂವರೆಗೆ ಬಂದರು. ಬಿಳಿ ಗಾಡಿ. ಓಡಿಸುತ್ತಿದ್ದವನು ಯೊಹಾನೆ, ಆ ಕಡೆಯ ಹಳ್ಳಿಯವನೇ, ನೀಲಿ ಟೋಪಿಯವನು. ಇಳಿದವರು ಇಬ್ಬರು. ಯೋಜನೆಯ ಅಧಿಕಾರಿ ಎಂಬೆವೆ, ಪ್ರತಿ ಸಲ ಬರುವವನು. ಹೊಸಬಳು ಕಮ್ವೆಂಡೊ ಮೇಡಂ, ಮೌಲ್ಯಮಾಪನಕ್ಕೆಂದು ಲಿಲೊಂಗ್ವೆಯ ಕಚೇರಿಯಿಂದ ಬಂದವಳು. ಹೆಂಗಸರು ಚಪ್ಪಾಳೆ ತಟ್ಟಿ ಸ್ವಾಗತದ ಹಾಡು ಹೇಳಿದರು. ಫಲೇಸಿ ಟೀ ಶರ್ಟು ಹಾಕಿಕೊಂಡು ಮುಂದೆ ನಿಂತಿದ್ದಳು. ಬಾಯಿ ಮಾತ್ರ ಅಲ್ಲಾಡಿಸಿದಳು.

ಮೇಡಂ ಟ್ಯಾಬ್ಲೆಟ್ ತೊಡೆಯ ಮೇಲಿಟ್ಟುಕೊಂಡು ಕೇಳುತ್ತ ಹೋದಳು. ಕಪೇಸ ಉತ್ತರಿಸುತ್ತ ಹೋದ. ಸಭೆ ತಿಂಗಳಿಗೊಮ್ಮೆ ಆಗುತ್ತದೆ. ಕಮಿಟಿಯಲ್ಲಿ ಹೆಂಗಸರಿದ್ದಾರೆ. ದೂರಿನ ಪೆಟ್ಟಿಗೆ ಇದೆ, ಒಂದೂ ದೂರು ಬಂದಿಲ್ಲ. ಅದರ ಕೀಲಿಕೈಯೂ ಅದೇ ಕಪ್ಪು ದಾರದಲ್ಲಿತ್ತು.

"ಹೆರಿಗೆಯಲ್ಲಿ ಸತ್ತ ಕೂಸುಗಳು ಎಷ್ಟು?"

"ಇಲ್ಲ ಮೇಡಂ. ಸೊನ್ನೆ."

"ಒಂದು," ಎಂದಳು ಫಲೇಸಿ.

ಮೇಡಂ ತಲೆ ಎತ್ತಿದಳು.

"ಎರಡು," ಎಂದು ತಿದ್ದಿಕೊಂಡಳು ಫಲೇಸಿ. "ಹೋದ್ ವರ್ಸದ್ದು ಒಂದು, ಡೊರಿಕಾದು. ನಾನೇ ಬರೀಲಿಲ್ಲ. ನೆನ್ನೆದು ಒಂದು, ನನ್ ಮಗಳದು. ಎರಡು ಸಲ ಅತ್ತಿತು."

"ಲಿನೆಸಿಯವ್ವ!" ಕಪೇಸ ಎದ್ದು ನಿಂತ. "ನಾಚ್ಕೆ ಇಲ್ವಾ? ಗಂಡಸ್ರ ಮುಂದೆ ಆಡೋ ಮಾತಾ ಅದು? ಮೇಡಂ, ಹೊರಗೆ ತರದ ಕೂಸು ನಮ್ಮಲ್ಲಿ ಲೆಕ್ಕಕ್ಕಿಲ್ಲ. ಪದ್ಧತಿ."

ಎಂಬೆವೆ ಮೇಡಂ ಕಡೆ ಬಾಗಿದ. ಮೆತ್ತಗೆ ಮಾತಾಡುವ ಮನುಷ್ಯ, ಬೈಯುವವನಲ್ಲ. "ಹೋದ ವರ್ಷದ ಅಂಕಿ ಮೇಲಿನ ಕಚೇರಿಗೆ ಹೋಗಿಬಿಟ್ಟಿದೆ, ತಿದ್ದೋಕಾಗಲ್ಲ. ನಿನ್ನೆ ಅಂದ್ರೆ ಏಪ್ರಿಲ್ ಒಂದು. ಮೊದಲ ಹಂತ ಮಾರ್ಚ್ ಮೂವತ್ತೊಂದಕ್ಕೇ ಮುಗೀತಲ್ಲ."

"ಹಂಗಾದ್ರೆ ಎರಡ್ನೇ ಹಂತದಾಗೆ ಬರ್ಕೊಳ್ಳಿ," ಎಂದಳು ಫಲೇಸಿ.

"ಅದು ಜುಲೈಗೆ ಶುರು ಆಗೋದು ತಾಯಿ. ಸೊನ್ನೆಯಿಂದ."

"ನಡುವೆ ಸತ್ತೋರು?"

ಎಂಬೆವೆ ಮೇಡಂನ ಟ್ಯಾಬ್ಲೆಟ್ಟಿನ ಕಡೆ ಕೈ ತೋರಿದ. ಮೇಡಂ ಪರದೆಯ ಮೇಲೆ ಬೆರಳಾಡಿಸಿ ನೋಡಿದಳು. "ತಾರೀಖು ತಗೊಳ್ತಾ ಇಲ್ಲ," ಅಂದಳು. ಅವಳ ದನಿ ಚಿಕ್ಕದಾಗಿತ್ತು. "ಕ್ಷಮಿಸಮ್ಮ. ನಾನು ಬೇರೆ ಕಡೆ ಟಿಪ್ಪಣಿ ಮಾಡ್ಕೊಳ್ತೀನಿ." ಮಾಡಿಕೊಳ್ಳಲಿಲ್ಲ. ಮುಂದಿನ ಪ್ರಶ್ನೆ ತೆರೆದುಕೊಂಡಿತ್ತು.

ಆಮೇಲೆ ಸ್ವತ್ತು ನೋಡುವ ಹೊತ್ತು. ಕಪೇಸ ದಾರ ಎಳೆದು ಬೀಗ ತೆಗೆದ. ಪ್ಲಾಸ್ಟಿಕ್ ಸರಿಸಿದ. ಗಾಡಿ ಮದುಮಗನಂತೆ ಹೊರಬಂತು. ಎಂಬೆವೆ ಚಕ್ರ ತಿರುಗಿಸಿ ನೋಡಿದ, ಹಾಸಿಗೆ ಮುಟ್ಟಿದ, ಮುಸುಕಿನ ಹೊಲಿಗೆ ನೋಡಿದ.

"ಹೊಸದರ ಹಾಗೇ ಇದೆಯಲ್ಲ! ಹೇಗೆ ಕಾಪಾಡಿದ್ರಿ?"

"ಬೀಗ ಹಾಕಿ ಇಡ್ತೀವಿ ಸಾರ್."

"ನೋಡಿ ಮೇಡಂ, ಕಲಿತ ಪಾಠ ಅನ್ನೋ ಪುಟಕ್ಕೆ ಇದನ್ನ ಹಾಕ್ಬಹುದು. ಬೇರೆ ಊರಿನೋರೂ ಮಾಡ್ಲಿ."

ಹಲಗೆಗೆ ಹಸಿರು ಚುಕ್ಕೆ ಬಿತ್ತು. ಗಂಡಸರು ಶಿಳ್ಳೆ ಹಾಕಿದರು. ಮೇಡಂ ಫೋಟೋಕ್ಕೆ ಕ್ಯಾಮೆರಾ ಎತ್ತಿದಳು. "ಮಾದರಿ ತಾಯಿ ಬನ್ನಿ. ಹ್ಯಾಂಡಲ್ ಹಿಡ್ಕೊಂಡು ನಿಂತ್ಕೊಳ್ಳಿ," ಅಂದ ಎಂಬೆವೆ.

ಫಲೇಸಿ ಗಾಡಿಯ ಹತ್ತಿರ ಬಂದಳು. ನೀಲಿ ಹಾಸಿಗೆಯ ಮೇಲೆ ಅಂಗೈ ಇಟ್ಟಳು. ಮೆತ್ತಗಿತ್ತು. ತಳ್ಳುಗಾಡಿಯ ತಗಡಿಗೆ ಮಗಳ ಬೆನ್ನು ಬಡಿಯುತ್ತಿದ್ದ ಸದ್ದು ಕಿವಿಯಲ್ಲಿತ್ತು.

"ಹಿಡಿಯಾಕಿಲ್ಲ," ಅಂದಳು.

"ಒಂದೇ ಫೋಟೋ ಅಮ್ಮ."

"ಹಿಡಿಯಾಕಿಲ್ಲ ಅಂದೆ. ಬಗ್ಗಿ ನೋಡಿ ಸಾಮಿ. ಇದರ ಮ್ಯಾಲೆ ನನ್ ಮಗಳ ರಕ್ತ ಒಂದು ಹನಿನೂ ಇಲ್ಲ. ಅದಕ್ಕೇ ಹಸ್ರು ಚುಕ್ಕೆ. ಮೊದ್ಲು ಐದು ಹೆಂಗಸ್ರು ಇದರ ಮ್ಯಾಲೆ ರಕ್ತ ಹರಿಸಿ ಐದು ಮಕ್ಕಳು ತಂದ್ರು. ಆಗ ಕೆಂಪು ಚುಕ್ಕೆ ಕೊಟ್ರಿ. ನಿಮ್ ಚುಕ್ಕೆಗೆ ಬೆಂಕಿ ಬೀಳ."

ಟೀ ಶರ್ಟನ್ನು ತಲೆಯ ಮೇಲಿಂದ ಎಳೆದು ತೆಗೆದಳು. ಒಳಗೆ ಹರಿದ ಕುಪ್ಪಸವಿತ್ತು. ಶರ್ಟನ್ನು ಮಡಚಿ ಹಾಸಿಗೆಯ ಮೇಲಿಟ್ಟಳು. ಯಾರ ಮುಂದೆಯೂ ಮಂಡಿಯೂರದೆ ನೆಟ್ಟಗೆ ನಡೆದು ಹೋದಳು. ಕಪೇಸ ಹಿಂದಿನಿಂದ "ಹುಚ್ಚು ಹಿಡಿದೈತೆ ಸಾರ್, ಮಗಳ ಚಿಂತೆ" ಎಂದು ಹಲ್ಲು ಕಿರಿದ. ಅತಿಥಿಗಳನ್ನು ಊಟಕ್ಕೆ ಕೂರಿಸಿದರು. ಕೋಳಿ ಸಾರು, ಎನ್‌ಸಿಮಾ ಮುದ್ದೆ.

ಗುಡಿಸಲಿನ ಕತ್ತಲಲ್ಲಿ ಲಿನೆಸಿ ಕಾದಿದ್ದಳು.

"ಬರ್ಕೊಂಡ್ರಾ ಅವ್ವ?"

ಹೌದು ಅನ್ನಬಹುದಿತ್ತು. ಒಂದು ಸುಳ್ಳು, ಮಗಳು ಮಲಗುತ್ತಿದ್ದಳು. ಎರಡು ವರ್ಷ ಪುಸ್ತಕದ ತುಂಬ ಬಿಟ್ಟ ಸುಳ್ಳಿಗೆ ಇದೊಂದು ಹೆಚ್ಚಾಗುತ್ತಿರಲಿಲ್ಲ.

"ಇಲ್ಲ ಮಗ. ಜಾಗ ಇಲ್ವಂತೆ."

ಲಿನೆಸಿ ಮುಖವನ್ನು ಗೋಡೆಗೆ ತಿರುಗಿಸಿದಳು. ಅಳಬಾರದು ಎಂದು ಎತಿನಾಜ್ಜಿ ಹೇಳಿದ್ದಳಲ್ಲ. ಅಳಲಿಲ್ಲ. ಬೆನ್ನು ಮಾತ್ರ ನಡುಗುತ್ತಿತ್ತು. ಆ ಬೆನ್ನನ್ನು ನೋಡುತ್ತ ನೋಡುತ್ತ ಫಲೇಸಿಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿದ್ದ ಮಚ್ಚು ತೆಗೆದುಕೊಂಡು ಹೊರಗೆ ಬಂದಳು.

ಊರ ಬಾಗಿಲಲ್ಲಿ ಮಾವಿನ ಮರವಿದೆ. ಎಲೆ ತುಂಬಿದ ಒಂದು ಕೊಂಬೆ ಕಡಿದು ದಾರಿಯ ನಡುವೆ ಅಡ್ಡ ಹಾಕಿದಳು. ದಾರಿಯಲ್ಲಿ ಹಸಿ ಕೊಂಬೆ ಕಂಡರೆ ಊರಲ್ಲಿ ಸಾವಾಗಿದೆ ಎಂದು ಅರ್ಥ. ಮಂತ್ರಿಯ ಗಾಡಿಯಾದರೂ ನಿಲ್ಲಬೇಕು, ಗಂಡಸರು ಟೋಪಿ ತೆಗೆಯಬೇಕು. ಊರಿನದಲ್ಲದ ಕೂಸಿಗೆ ಯಾರೂ ಎಂದೂ ಕೊಂಬೆ ಹಾಕಿರಲಿಲ್ಲ.

ಊಟ ಮುಗಿಸಿದವರ ಬಿಳಿ ಗಾಡಿ ಬಂತು. ಕೊಂಬೆಯ ಮುಂದೆ ನಿಂತಿತು. ಯೊಹಾನೆ ಎಂಜಿನ್ ಆರಿಸಿ ಟೋಪಿ ತೆಗೆದ.

"ಒಂದೇ ಕೊಂಬೆ, ಹತ್ತಿಸ್ಕೊಂಡು ಹೋಗಯ್ಯ," ಅಂದ ಎಂಬೆವೆ.

"ಆಗಲ್ಲ ಸಾರ್."

"ಇನ್ನೂ ಎರಡು ಊರಿದೆ ಇವತ್ತು."

"ನಮ್ಮವ್ವ ನಂಗೆ ಅದನ್ನ ಕಲಿಸಿಲ್ಲ ಸಾರ್. ಬೇಕಾದ್ರೆ ನೀವೇ ಓಡಿಸಿ." ಅವನು ಕೀಲಿಕೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟ.

ಎಂಬೆವೆ ಅದನ್ನು ಮುಟ್ಟಲಿಲ್ಲ. ಅವನೂ ಇದೇ ನೆಲದಲ್ಲಿ ಹುಟ್ಟಿದವನು. ಕಪೇಸ ಓಡಿ ಬಂದ, ಹಿಂದೆ ಗಂಡಸರು. "ತೆಗಿ ಲಿನೆಸಿಯವ್ವ! ಯಾರು ಸತ್ತವ್ರೆ ಅಂತ ಹಾಕ್ದೆ?"

"ನನ್ ಮೊಮ್ಮಗ."

"ಅದು ಸಾವಲ್ಲ. ಪದ್ಧತಿ ಗೊತ್ತಿಲ್ವಾ ನಿಂಗೆ?"

"ಗೊತ್ತು. ಪದ್ಧತಿ ನನ್ ಬಾಯಿ ಮುಚ್ತು. ಇವ್ರ ಪುಸ್ತಕ ನನ್ ಕೈ ಕಟ್ತು. ಎರಡೂ ಸೇರ್ಕೊಂಡು ನನ್ ಕೂಸು ಹುಟ್ಟೇ ಇಲ್ಲ ಅಂದ್ವು. ನೀನು ಬೇಕಾದ್ರೆ ತೆಗಿ. ನಿನ್ ಕೈಯಾರೆ ತೆಗಿ ನೋಡಾನ."

ಕಪೇಸ ಬಗ್ಗಿದ. ಹಸಿ ಕೊಂಬೆಗೆ ಕೈ ಹಾಕಲು ಅವನಿಗೂ ಆಗಲಿಲ್ಲ. ಸಾವಿನ ಕೊಂಬೆ ಎತ್ತಿದ ಕೈ ಕೊಳೆಯುತ್ತದೆ ಎಂದು ಅವನ ಅಜ್ಜಿಯೂ ಹೇಳಿರಬೇಕು.

ಅಷ್ಟರಲ್ಲಿ ಡೊರಿಕಾ ಬಂದಳು. ಫಲೇಸಿಯ ಕೈಯಿಂದ ಮಚ್ಚು ತೆಗೆದುಕೊಂಡಳು, ಒಂದು ಕೊಂಬೆ ಕಡಿದಳು, ಮೊದಲಿನದರ ಪಕ್ಕಕ್ಕೆ ಹಾಕಿದಳು. "ನಾಕು ದಿನ ಬದುಕಿತ್ತು," ಎಂದು ಮೇಡಂಗೆ ಹೇಳಿದಳು. "ಹಾಲು ಕುಡೀತಿತ್ತು." ಹೇಳಿ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು. ಒಂದು ವರ್ಷ ನುಂಗಿಕೊಂಡಿದ್ದ ಅಳು ಹೊರಗೆ ಬಂತು. ಗಟ್ಟಿಯಾಗಿ, ನಾಚಿಕೆಯಿಲ್ಲದೆ, ದೊಡ್ಡವರು ಸತ್ತಾಗ ಅಳುವ ಹಾಗೆ ಅತ್ತಳು. ಗುಡಿಸಲಿನೊಳಗಿಂದ ಇನ್ನೊಂದು ದನಿ ಅದಕ್ಕೆ ಕೂಡಿಕೊಂಡಿತು. ಅದು ಲಿನೆಸಿಯದು.

ಸೌದೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಹೊರೆ ಇಳಿಸಿದಳು. ಕೊಂಬೆ ಕಡಿದಳು. ಎನ್‌ಸಿಮಾ ತಿರುವುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದಳು. ಅವಳದು ಎರಡು. ಕೊಂಬೆಗಳು ದಾರಿ ತುಂಬಿದವು. ಗಂಡಸರಲ್ಲಿ ಕೆಲವರು ತಮ್ಮ ಹೆಂಡಿರನ್ನು ಆಗ ತಾನೇ ನೋಡಿದವರಂತೆ ನೋಡುತ್ತಿದ್ದರು. ಒಬ್ಬೊಬ್ಬರಾಗಿ ತಲೆಯ ಮೇಲಿನದನ್ನು ತೆಗೆದರು. ಮೇಡಂ ಗಾಡಿಯಿಂದ ಇಳಿದಳು. ಟ್ಯಾಬ್ಲೆಟ್ಟು ಸೀಟಿನ ಮೇಲೇ ಉಳಿಯಿತು. ಎಣಿಸಲು ಬೆರಳೆತ್ತಿದಳು, ನಡುವೆ ಎಲ್ಲೋ ಬೆರಳು ಬಾಯಿಗೆ ಹೋಯಿತು.

ಎತಿನಾಜ್ಜಿ ಕೊನೆಗೆ ಬಂದಳು. ಪದ್ಧತಿ ಕಾಯುವವಳು, ಊರಿನ ಹೆಣ್ಣುಮಕ್ಕಳ ಬಾಯಿ ಮುಚ್ಚಿದ ಕೈ. ಅವಳೊಂದು ಮಾತು ಬೈದರೆ ಹೆಂಗಸರೆಲ್ಲ ಚದುರಿಹೋಗುತ್ತಿದ್ದರು. ಮುದುಕಿ ಬೈಯಲಿಲ್ಲ. ಒಂದು ಕೈಯಲ್ಲಿ ಕೋಲು ಊರಿಕೊಂಡು, ಇನ್ನೊಂದು ಕೈಯಲ್ಲಿ ಸಣ್ಣದೊಂದು ಕೊಂಬೆಯನ್ನು ಧೂಳಿನಲ್ಲಿ ಎಳೆದುಕೊಂಡು ಬಂದಿದ್ದಳು. ಅದನ್ನು ಉಳಿದವುಗಳ ಮೇಲೆ ಇಟ್ಟು ಬಹಳ ಹೊತ್ತು ಬಗ್ಗಿಕೊಂಡೇ ಇದ್ದಳು.

"ನಂದು ಮೂರು ಕಣವ್ವ," ಅಂದಳು ಫಲೇಸಿಗೆ. "ಒಂದು ಹೆಣ್ಣು, ಎರಡು ಗಂಡು. ಮೂರು ಎಳ್ಕೊಂಡು ಬರಾಕೆ ಸಕ್ತಿ ಇಲ್ಲ. ಇನ್ನೆರಡು ನೀನೇ ಕಡ್ಕೊಡ್ತೀಯಾ?"

ಫಲೇಸಿ ಮಚ್ಚು ತೆಗೆದುಕೊಂಡು ಮತ್ತೆ ಮರದ ಕಡೆಗೆ ಹೋದಳು.